ಕಥೆಗಾರ, ಸಂಗೀತಗಾರ ಮತ್ತು ಹೆಸರಿಲ್ಲದ ಮೂರನೆಯವರು

2023ರಲ್ಲಿ ನೊಬೆಲ್ ಪಡೆದ ನಾರ್ವೆಯ ಯೂನ್ ಫೊಸ್ಸೆ ನಾಟಕಕಾರರೆಂದೇ ಹೆಚ್ಚು ಪರಿಚಿತರು. ಆದರೆ ಜಾನಪದ ಸಂಗೀತಕ್ಕೂ ಅವರಿಗೂ ಇರುವ ನಂಟು ತಿಳಿಯುವುದು ಅವರ ಕಥನಗಳಲ್ಲಿ. 2007ರಿಂದ 2014ರವರೆಗೆ ಪ್ರಕಟವಾದ ಅವರ ಮೂರು ಸರಣಿ ನೀಳ್ಗತೆಗಳ ನಾಯಕ ಆಸ್ಲೆ, ತಂದೆಯಿಂದ ವಿದ್ಯೆ ಕಲಿತ ಹಳ್ಳಿಯ ಪಿಟೀಲುಗಾರ. ಆಡಿನ ಕೊಂಬನ್ನೂ ಸ್ಯಾಕ್ಸೊಫೋನನ್ನೂ ನುಡಿಸುವ ಕಾರ್ಲ್ ಸೆಗ್ಲೆಮ್, ಫೊಸ್ಸೆಯವರ ಬರಹದೊಂದಿಗೆ ತಮ್ಮ ಸಂಗೀತವನ್ನು ಬೆಸೆದಿದ್ದಾರೆ. ಇಂಥ ಸಹಯೋಗಗಳಲ್ಲಿ ಎರಡು ಹೆಸರು ಎದ್ದು ಕಾಣುತ್ತವೆ. ಆ ಮಟ್ಟುಗಳನ್ನು ತಲೆಮಾರುಗಳಿಂದ ಕಾಪಾಡಿದ ಮೂರನೆಯವರ ಹೆಸರೆಲ್ಲಿ?

ನಾರ್ವೆಯಲ್ಲಿ ಈ ಪ್ರಶ್ನೆಗೆ ಹಳೆಯ ನಿದರ್ಶನವೊಂದಿದೆ. ಟೆಲೆಮಾರ್ಕಿನ ಹಾರ್ಡಾಂಗರ್ ಪಿಟೀಲುಗಾರ ಕ್ನುಟ್ ಡಾಲೆ, ತನ್ನೊಂದಿಗೆ ತನ್ನ ಮಟ್ಟುಗಳೂ ಅಳಿಯಬಾರದೆಂದು ಎಡ್ವರ್ಡ್ ಗ್ರೀಗ್‌ಗೆ ತಾನೇ ಪತ್ರ ಬರೆದ. 1901ರಲ್ಲಿ ಯೊಹಾನ್ ಹಾಲ್ವೊರ್ಸನ್ ಅವನ ನುಡಿಸಾಣಿಕೆಯನ್ನು ಕೇಳಿ 17 ಮಟ್ಟುಗಳನ್ನು ಸ್ವರಲಿಪಿಗೆ ಇಳಿಸಿದರು. 1903ರಲ್ಲಿ ಗ್ರೀಗ್‌ರ ಪಿಯಾನೊ ರೂಪ ಪ್ರಕಟವಾಯಿತು. ಇಂದು ಆ ಕೃತಿಯ ಚರಿತ್ರೆಯನ್ನು ಡಾಲೆಯನ್ನು ಬಿಟ್ಟು ಬರೆಯಲಾಗದು.

ಕನ್ನಡದಲ್ಲಿ ಹತ್ತಿರದ ಉದಾಹರಣೆ ಚಂದ್ರಶೇಖರ ಕಂಬಾರರ 'ಕಾಡು ಕುದುರೆ'. ಆ ಚಿತ್ರದ ಗೀತೆಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಕವಿಯೂ ಗಾಯಕರೂ ಮನೆಮಾತಾದರು. ಕಂಬಾರರ ಲಯಕ್ಕೆ ನೆಲೆಯಾದ ಬೆಳಗಾವಿ ಸೀಮೆಯ ಲಾವಣಿಕಾರರು, ಸಣ್ಣಾಟದವರು ಮಾತ್ರ 'ಜಾನಪದ' ಎಂಬ ಒಂದೇ ಪದದಲ್ಲಿ ಅಡಗಿಹೋದರು. ಇದು ಕಂಬಾರರ ಮೇಲಿನ ಆಕ್ಷೇಪವಲ್ಲ. ಅವರು ಆ ಲೋಕದೊಳಗಿನಿಂದಲೇ ಬಂದವರು. ಕೊರತೆ ನಮ್ಮ ದಾಖಲಿಸುವ ರೂಢಿಯಲ್ಲಿದೆ. ಭಾರತದ ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿ, ಪ್ರದರ್ಶಕನಾಗಿ ಗುರುತಿಸಿಕೊಳ್ಳುವ ಹಕ್ಕನ್ನು ಕಲಾವಿದನಿಗೆ ಕೊಟ್ಟಿತು. ಮಟ್ಟನ್ನು ಉಳಿಸಿದ ಸಮುದಾಯಕ್ಕೆ ಅಂಥ ಹಕ್ಕಿಲ್ಲ.

ಟೌರಂಗಾದಲ್ಲಿರುವ ನಮಗೆ ಬೇರೊಂದು ಮಾದರಿ ಕಣ್ಣೆದುರಿಗೇ ಇದೆ. 'ಕಾ ಮಾಟೆ' ಹಾಕಾ ಕುರಿತು ನ್ಯೂಜಿಲೆಂಡ್ ಸಂಸತ್ತು 2014ರಲ್ಲಿ ಕಾಯಿದೆಯೊಂದನ್ನು ಮಾಡಿತು. ಅದು ಗೌರವಧನ ಕೇಳುವುದಿಲ್ಲ, ಪ್ರದರ್ಶನವನ್ನೂ ತಡೆಯುವುದಿಲ್ಲ. ವಾಣಿಜ್ಯ ಪ್ರಕಟಣೆಯಲ್ಲಿ, ಚಲನಚಿತ್ರದಲ್ಲಿ ಆ ಹಾಕಾ ಬಳಕೆಯಾದರೆ, ಅದನ್ನು ರಚಿಸಿದವನು ಙಾಟಿ ತೋವಾ ಕುಲದ ನಾಯಕ ತೆ ರೌಪರಾಹ ಎಂದು ನಮೂದಿಸಬೇಕೆನ್ನುತ್ತದೆ, ಅಷ್ಟೆ. ಹಣದ ಪಾಲು ಸಿಗದಿರುವುದು ಅದರ ಮಿತಿ. ಹೆಸರು ಅಳಿಯದಿರುವುದು ಅದರ ಬಲ.

ಕರ್ತೃ ಯಾರೆಂದು ತಿಳಿಯದ ಹಾಡಿಗೆ ಈ ನಿಯಮ ಹೇಗೆ ಹೊಂದೀತು ಎಂಬ ಸಂದೇಹ ಸಹಜ. ಕರ್ತೃ ತಿಳಿಯದಿದ್ದರೂ ಪರಂಪರೆ, ಸೀಮೆ, ಹಾಡಿಕೊಟ್ಟವರು ತಿಳಿದಿರುತ್ತಾರೆ. ಹೊರನಾಡಿನ ಕನ್ನಡ ಕೂಟಗಳಲ್ಲಿ ಕಥಾವಾಚನಕ್ಕೆ ಜನಪದ ಮಟ್ಟನ್ನು ಹೊಂದಿಸುವಾಗ 'ಸಾಂಪ್ರದಾಯಿಕ' ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತೇವೆ. ಬದಲಿಗೆ ಕಂಸಾಳೆಯವರದೋ, ಚೌಡಿಕೆಯವರದೋ, ಯಾವ ಸೀಮೆಯದು, ಯಾರಿಂದ ಕಲಿತದ್ದು ಎಂದು ಒಂದು ಸಾಲು ಬರೆಯಬಹುದು. ಅದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಆ ಹಾಡಿನ ಊರನ್ನು ಹುಡುಕಿಕೊಂಡು ಹೊರಟ ದಿನ ಅವರಿಗೆ ಸಿಗುವ ವಿಳಾಸ ಆ ಸಾಲು ಮಾತ್ರ.