ಹುಚ್ಚು ರಾಜ ಮತ್ತು ನನ್ನ ಬಕೆಟ್

ಕಳೆದ ರಾಜ್ಯೋತ್ಸವದ ಸ್ಕಿಟ್‌ನಲ್ಲಿ ಹುಚ್ಚನ ಪಾತ್ರ ಮಾಡಿದ್ದು ನಾನೇ. ಹರಿದ ಬನಿಯನ್, ಕೆದರಿದ ತಲೆ, ಕೈಯಲ್ಲೊಂದು ಪ್ಲಾಸ್ಟಿಕ್ ಬಕೆಟ್. ಸ್ಟೇಜಿಗೆ ಬಂದ ಕೂಡಲೇ ಹಾಲ್ ತುಂಬಾ ನಗು, ಶಿಳ್ಳೆ. ಬಿಸಿಬೇಳೆ ಬಾತ್ ಸಾಲಿನಲ್ಲಿ ನಿಂತಾಗ ಎಷ್ಟೋ ಜನ ಬೆನ್ನು ತಟ್ಟಿದರು. ಖುಷಿಯಾಗಿತ್ತು, ಸುಳ್ಳು ಹೇಳಲ್ಲ.

ಈ ಮಾರ್ಚ್‌ನಲ್ಲಿ ಇಲ್ಲಿನ ಸಂಗೀತ ವಿದ್ಯಾರ್ಥಿಗಳು ‘ಏಯ್ಟ್ ಸಾಂಗ್ಸ್ ಫಾರ್ ಎ ಮ್ಯಾಡ್ ಕಿಂಗ್’ ಮಾಡಿದರು. ನನ್ನ ಫ್ಲಾಟ್‌ಮೇಟ್ ಕ್ಲಾರಿನೆಟ್ ನುಡಿಸ್ತಾನೆ ಅಂತ ಹೋದೆ, ಅಷ್ಟೇ. ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ ಅವರ ಈ ಕೃತಿ ಮೊದಲು ರಂಗಕ್ಕೆ ಬಂದದ್ದು 1969ರಲ್ಲಿ, ಲಂಡನ್ನಿನಲ್ಲಿ. ಆರು ಜನ ವಾದ್ಯದವರು, ಒಬ್ಬ ನಟ-ಗಾಯಕ, ಸುಮಾರು ಅರ್ಧ ಗಂಟೆ. ರಾಜ ಅಂದರೆ ಮೂರನೇ ಜಾರ್ಜ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲೆಂಡಿನ ಸಿಂಹಾಸನದಲ್ಲಿ ಇದ್ದವನು ಇವನೇ. ಶಾಲೆಯ ಪಾಠದಲ್ಲಿ ಕಾರ್ನ್‌ವಾಲಿಸ್, ವೆಲ್ಲೆಸ್ಲಿ ಬಂದ ನೆನಪಿದೆ, ಇವನು ಬಂದ ನೆನಪಿಲ್ಲ.

ಇವನ ಹತ್ತಿರ ಎಂಟು ರಾಗ ನುಡಿಸುವ ಪುಟ್ಟ ಯಾಂತ್ರಿಕ ಆರ್ಗನ್ ಇತ್ತು. ಅದನ್ನು ಕೇಳಿಸಿ ಬುಲ್‌ಫಿಂಚ್ ಹಕ್ಕಿಗಳಿಗೆ ಹಾಡು ಕಲಿಸಲು ನೋಡ್ತಿದ್ದನಂತೆ. ಕೃತಿಯಲ್ಲಿ ಕೊಳಲು, ಕ್ಲಾರಿನೆಟ್, ಪಿಟೀಲು, ಚೆಲ್ಲೋದವರೇ ಆ ಹಕ್ಕಿಗಳು. ರಾಜ ಕಿರುಚ್ತಾನೆ, ಪಿಸುಗುಡ್ತಾನೆ, ಹೆಣ್ಣುದನಿಯಲ್ಲಿ ಕೀರಲುತ್ತಾನೆ, ನಡುವೆ ಇದ್ದಕ್ಕಿದ್ದಂತೆ ಚೆಂದವಾಗಿ ಹಾಡ್ತಾನೆ. ರ‍್ಯಾಂಡಾಲ್ಫ್ ಸ್ಟೋ ಬರೆದ ಸಾಲುಗಳಲ್ಲಿ ಎಷ್ಟೋ ಆ ರಾಜ ನಿಜವಾಗಿ ಆಡಿದ ಮಾತುಗಳೇ.

ಮೊದಲ ಐದು ನಿಮಿಷ ನನಗೂ ನಗು ಬಂತು. ಹಿಂದೆ ಕೂತ ಇಬ್ಬರು ನಕ್ಕೇಬಿಟ್ಟರು. ಆಮೇಲೆ ಯಾರೂ ನಗಲಿಲ್ಲ. ಏಳನೇ ಹಾಡಿನಲ್ಲಿ ರಾಜ ಪಿಟೀಲನ್ನು ಕಸಿದುಕೊಂಡು ಒಡೆದುಹಾಕ್ತಾನೆ. ಪುಸ್ತಕಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳೋ ಮನೆಯಿಂದ ಬಂದವನು ನಾನು. ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯ್ತು. ಜೊತೆಗಿದ್ದ ಗೆಳತಿ ‘ಇದೆಲ್ಲ ಗಿಮಿಕ್’ ಅಂದಳು. ನನಗೆ ಹಾಗನ್ನಿಸಲಿಲ್ಲ. ಅಷ್ಟು ಹೊತ್ತು ಅವನು ಮಾತಾಡಿಸಿದ್ದು, ಗೋಗರೆದದ್ದು ಆ ಹಕ್ಕಿಗಳನ್ನೇ ತಾನೇ? ತನಗೆ ಬೇಕಾದದ್ದನ್ನೇ ಮುರಿದ. ಅದರ ಜೊತೆ ತನ್ನೊಳಗಿನ ಒಂದು ಭಾಗವನ್ನೂ ಕೊಂದುಕೊಂಡ ಅಂತ ಡೇವಿಸ್ ಕೂಡ ಬರೆದಿದ್ದಾರೆ.

ನನ್ನ ಹುಚ್ಚನಿಗೆ ಒಂದೇ ಒಂದು ಮಾತೂ ಇರಲಿಲ್ಲ. ಬರೋದು, ಬೀಳೋದು, ಬಕೆಟ್ ತಲೆಗೆ ಹಾಕ್ಕೊಳ್ಳೋದು. ಆ ದಿನ ಊಟಕ್ಕೂ ನಿಲ್ಲದೆ ಹೋದ ಒಬ್ಬ ಗೆಳೆಯ ತಿಂಗಳು ಬಿಟ್ಟು ಹೇಳಿದ: ‘ಆಗ ನಾನು ಮಾತ್ರೆ ತಗೊಳ್ತಿದ್ದೆ ಕಣೋ. ಮನೇಲಿ ಯಾರಿಗೂ ಗೊತ್ತಿಲ್ಲ.’ ಅವನನ್ನು ಕೇಳಿಯೇ ಇದನ್ನು ಬರೀತಿದ್ದೀನಿ.

ಕಾಮಿಡಿ ಬೇಡ ಅಂತಿಲ್ಲ. ಕಂಜೂಸ್ ಹೌಸ್ ಓನರ್ ಇದ್ದಾನೆ, ವೀಸಾ ಫಾರ್ಮ್ ಇದೆ, ನಮ್ಮ ಅಡುಗೆ ಇದೆ, ನಗೋಕೆ ಬೇಕಾದಷ್ಟಿದೆ. ಆದರೆ ಈ ನವೆಂಬರ್‌ನ ಸ್ಕ್ರಿಪ್ಟ್‌ನಲ್ಲೂ ಹುಚ್ಚನಿದ್ದಾನೆ, ನನ್ನನ್ನೇ ಕೇಳಿದ್ದಾರೆ. ಅವನಿಗೆ ಮಾತು ಬರೆದುಕೊಡಿ, ಮಾಡ್ತೀನಿ. ನಮ್ಮಲ್ಲೇ ಮೃದಂಗದವರಿದ್ದಾರೆ, ಕೊಳಲಿನವಳಿದ್ದಾಳೆ, ಟ್ರ್ಯಾಕ್ ಹಾಕೋದು ಬಿಟ್ಟು ಅವರನ್ನೂ ಸ್ಟೇಜಿಗೆ ಕರೆಯೋಣ. ಆಗಲ್ಲ ಅಂದರೆ ಬಕೆಟ್ ಬೇರೆ ಯಾರಾದರೂ ಹಿಡ್ಕೊಳ್ಳಲಿ.