ಹೆಡ್‌ಫೋನಿನ ಆಯ್ಕೆ: ಕೆಲವು ವಿಚಾರಗಳು

ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ದಿವಸ ಒಂಬತ್ತನೆಯ ಇಯತ್ತೆಯ ಮೂವರು ಹುಡುಗರು ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಮೇಜಿನ ಬಳಿ ಬಂದು ನಿಂತರು. ಅವರಲ್ಲೊಬ್ಬನು, “ಸರ್, ಚಲೋ ಹೆಡ್‌ಫೋನ್ ಯಾವುದು ತಗೋಬೇಕ್ರಿ?” ಎಂದು ಕೇಳಿದನು. ಸಂಧಿ-ಸಮಾಸಗಳ ಸಂಶಯವೇನಾದರೂ ಇರಬಹುದೆಂದು ಸಿದ್ಧರಾಗಿ ಕುಳಿತಿದ್ದ ನಮಗೆ ತುಸು ನಗೆ ಬಂದಿತು. “ಅದನ್ನು ವಿಜ್ಞಾನದ ಗುರುಗಳಿಗೆ ಕೇಳಿರಿ” ಎಂದು ಹೇಳಿ ಕಳಿಸಿಬಿಟ್ಟೆವು. ಆದರೆ ಮನೆಗೆ ಹೋಗುವಾಗ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಕಿವಿಯಿಂದ ಒಳಹೊಕ್ಕ ಮೇಲಲ್ಲವೆ ಭಾಷೆ ನಾಲಗೆಗೆ ಬರುವುದು? ಹಾಗಿದ್ದ ಮೇಲೆ ಕಿವಿಯ ಮೇಲೆ ಇಡುವ ಯಂತ್ರದ ವಿಚಾರ ಭಾಷೆಯ ಶಿಕ್ಷಕನದೂ ಅಹುದು. ಅಂದು ಕೊಡದ ಉತ್ತರವನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಕೊಡಲು ಯತ್ನಿಸುತ್ತೇವೆ.

ನಾವು ಬೆಳೆದದ್ದು ವಿಜಾಪುರ ಸೀಮೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಧಾರವಾಡ ಆಕಾಶವಾಣಿಯನ್ನು ಹತ್ತು ಮಂದಿ ಕಟ್ಟೆಯ ಮೇಲೆ ಕುಳಿತು ಒಟ್ಟಿಗೆ ಕೇಳುತ್ತಿದ್ದರು. ಹೊಟ್ಟೆಪಾಡಿಗಾಗಿ ಪುಣೆಗೆ ಬಂದ ಮೇಲೆ ಒಬ್ಬೊಬ್ಬರೇ ಕೇಳುವ ರೂಢಿಯನ್ನು ಕಂಡೆವು. ೨೦೨೦ರಲ್ಲಿ ಕರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ, ಒಂದೇ ಕೋಣೆಯ ಮನೆಯಲ್ಲಿ ತಮ್ಮ ಅಳುತ್ತಿರಲು, ಒಲೆಯ ಮೇಲೆ ಕುಕ್ಕರು ಕೂಗುತ್ತಿರಲು, ನಿಮ್ಮಲ್ಲನೇಕರು ಇಯರ್‌ಫೋನಿನ ಸಣ್ಣ ತಂತಿಯೊಂದರ ಆಶ್ರಯದಿಂದಲೇ ನಮ್ಮ ಪಾಠಗಳನ್ನು ಕೇಳಿದಿರಿ. ಆದ್ದರಿಂದ ಈ ವಸ್ತುವನ್ನು ಕೇವಲ ಶೋಕಿಯೆಂದು ಹಳಿಯುವುದು ನ್ಯಾಯವಲ್ಲ. ಸುತ್ತಲೂ ಮರಾಠಿ, ಹಿಂದಿಗಳ ನಡುವೆ ಬೆಳೆಯುವ ಕನ್ನಡ ಹುಡುಗನಿಗೆ ಊರಿನ ಹಾಡನ್ನೂ ಕಥೆಯನ್ನೂ ನಾಟಕವನ್ನೂ ತಂದುಕೊಡುವ ಬಾಗಿಲು ಅದು.

ಕೇಳುವ ವಿಷಯದಲ್ಲಿ ನಮ್ಮ ಈ ಪುಣೆ ಸಾಮಾನ್ಯ ಊರಲ್ಲ. ೧೯೨೨ರಲ್ಲಿ ಗದಗ ಸೀಮೆಯ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಂಗಡಿಯೊಂದರ ಮುಂದೆ ನಿಂತು, ಅಬ್ದುಲ್ ಕರೀಂಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿ ಮೈಮರೆತು ಸಂಗೀತಕ್ಕೆ ಒಲಿದರೆಂಬ ಸಂಗತಿ ಪ್ರಸಿದ್ಧವಾಗಿದೆ. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಶಿಷ್ಯವೃತ್ತಿ ಮಾಡಿದ ಅವರು, ಗುರುಗಳು ೧೯೫೨ರಲ್ಲಿ ತೀರಿಕೊಂಡ ಬಳಿಕ, ೧೯೫೩ರಲ್ಲಿ ಇದೇ ಊರಿನಲ್ಲಿ ಅವರ ಸ್ಮರಣೆಯ ಸಂಗೀತೋತ್ಸವವನ್ನು ಆರಂಭಿಸಿದರು. ಕನ್ನಡದ ಕಂಠವನ್ನು ಪುಣೆಯ ಜನ ಸಾವಿರಾರು ಸಂಖ್ಯೆಯಲ್ಲಿ ಕುಳಿತು ಆಲಿಸಿದರು. ಆ ಹುಡುಗ ಕೇಳಿದ ತಟ್ಟೆಯ ಧ್ವನಿ ಇಂದಿನ ಅತಿ ಅಗ್ಗದ ಯಂತ್ರದ ಧ್ವನಿಗಿಂತಲೂ ಕೀಳಾಗಿದ್ದಿರಬೇಕು. ಆದರೆ ಕಿವಿ ಉತ್ತಮವಾಗಿತ್ತು. ಯಂತ್ರವನ್ನು ಆರಿಸುವ ಮುನ್ನ ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಲೇಸು.

ಹೆಡ್‌ಫೋನಿನ ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ೧೯೧೦ರಲ್ಲಿ ಅಮೆರಿಕೆಯ ಯೂಟಾ ಪ್ರಾಂತದ ನಥಾನಿಯೆಲ್ ಬಾಲ್ಡ್ವಿನ್ ಎಂಬಾತನು ತನ್ನ ಅಡುಗೆಮನೆಯಲ್ಲಿ ಕುಳಿತು ಜೋಡಿಸಿದ ಯಂತ್ರವನ್ನು ಆ ದೇಶದ ನೌಕಾದಳ ಕೊಂಡಿತು. ೧೯೫೮ರಲ್ಲಿ ಜಾನ್ ಕಾಸ್ ಎಂಬಾತನು ಎರಡು ಕಿವಿಗಳಿಗೂ ಬೇರೆ ಬೇರೆ ಧ್ವನಿಯನ್ನು ಒಯ್ಯುವ ಹೆಡ್‌ಫೋನನ್ನು ಸಂಗೀತ ಕೇಳುವವರಿಗಾಗಿ ಹೊರತಂದನು. ೧೯೭೯ರಲ್ಲಿ ಜಪಾನಿನ ಸೋನಿ ಕಂಪನಿಯ ವಾಕ್‌ಮನ್ ಬಂದ ಮೇಲೆ ಜನ ಬೀದಿಯಲ್ಲಿ ನಡೆಯುತ್ತ ಹಾಡು ಕೇಳತೊಡಗಿದರು. ಇಷ್ಟೆಲ್ಲ ಬದಲಾವಣೆಯಾದರೂ ಬಹುತೇಕ ಯಂತ್ರಗಳ ಒಳಗಿನ ಮರ್ಮ ಒಂದೇ: ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ, ಅದಕ್ಕೆ ಅಂಟಿಕೊಂಡು ನಡುಗುವ ಒಂದು ತೆಳು ಪೊರೆ. ಆ ಪೊರೆ ಎಷ್ಟು ನಿಷ್ಠೆಯಿಂದ ನಡುಗುವುದೋ ಅಷ್ಟು ಧ್ವನಿ ಶುದ್ಧ.

ಇನ್ನು ಧ್ವನಿಯ ಮಾತು. ಮನುಷ್ಯನ ಕಿವಿ ಸೆಕೆಂಡಿಗೆ ೨೦ರಿಂದ ೨೦,೦೦೦ ಕಂಪನಗಳವರೆಗೆ ಕೇಳಬಲ್ಲದೆಂದು ನೀವು ವಿಜ್ಞಾನದಲ್ಲಿ ಓದಿದ್ದೀರಿ. ಇದೇ ಅಂಕಿಗಳನ್ನು ಹೆಚ್ಚುಕಡಿಮೆ ಎಲ್ಲ ಡಬ್ಬಿಗಳ ಮೇಲೂ ಅಚ್ಚು ಹಾಕಿರುತ್ತಾರೆ. ಆದ್ದರಿಂದ ಅದರಿಂದ ಗುಣ ತಿಳಿಯದು. ‘ಓಮ್’ ಎಂಬ ಅಳತೆಯ ಮುಂದೆ ೧೬ ಅಥವಾ ೩೨ ಎಂದಿದ್ದರೆ ಮೊಬೈಲಿಗೆ ಒಗ್ಗುತ್ತದೆ. ೨೫೦, ೩೦೦ ಎಂದಿದ್ದರೆ ಅದು ಬೇರೆ ಆಂಪ್ಲಿಫಾಯರ್ ಬೇಡುವ ಯಂತ್ರ, ನಮಗಲ್ಲ. ಇಷ್ಟು ತಿಳಿದರೆ ಡಬ್ಬಿಯ ಓದು ಮುಗಿಯಿತು. ಉಳಿದುದನ್ನು ಕಿವಿಯೇ ನಿರ್ಣಯಿಸಬೇಕು. ಅಂಗಡಿಯವರು ಸಾಮಾನ್ಯವಾಗಿ ಡೋಲು ಗುಡುಗುವ ಹಾಡನ್ನು ಹಚ್ಚಿ ಕೇಳಿಸುತ್ತಾರೆ. ಎದೆ ನಡುಗಿದೊಡನೆ ‘ಭಲೇ ಧ್ವನಿ’ ಎಂದು ಗಿರಾಕಿ ಮರುಳಾಗುತ್ತಾನೆ. ಆದರೆ ಮಂದ್ರಧ್ವನಿಯನ್ನು ಹಿಗ್ಗಿಸಿದ ಯಂತ್ರದಲ್ಲಿ ಹಾಡುವವನ ಮಾತು ಕಂಬಳಿ ಹೊದ್ದವನ ಮಾತಿನಂತೆ ಕೇಳುವುದು.

ನಮ್ಮದೊಂದು ಪರೀಕ್ಷೆಯಿದೆ. ಮೊದಲು ತಂಬೂರಿಯ ನಾದವನ್ನು ಕೇಳಿರಿ. ನಾಲ್ಕು ತಂತಿಗಳೂ ಬೇರೆ ಬೇರೆಯಾಗಿ ಕೇಳಿಸಿ, ಅವುಗಳ ಮೇಲೆ ಜೇನುಹುಳದಂತಹ ಸಣ್ಣ ಝೇಂಕಾರ ತೇಲುತ್ತಿದ್ದರೆ ಯಂತ್ರ ಒಳ್ಳೆಯದು. ಎಲ್ಲವೂ ಕಲಸಿ ಬರಿಯ ಗುಂಯ್ಗುಡುತ್ತಿದ್ದರೆ ಅದನ್ನು ಕೆಳಗಿಡಿರಿ. ಅನಂತರ ಕನ್ನಡ ವಾರ್ತೆಯನ್ನಾಗಲಿ ಕವಿತೆಯ ವಾಚನವನ್ನಾಗಲಿ ಕೇಳಿರಿ. ‘ಸರ’ವೂ ‘ಶರ’ವೂ ಬೇರೆಯಾಗಿ ಕೇಳುವುವೆ? ‘ತಲೆ’ಗೂ ‘ತಳೆ’ಗೂ ಭೇದ ತಿಳಿಯುವುದೆ? ‘ಕರ’ದ ಅಲ್ಪಪ್ರಾಣವೂ ‘ಖರ’ದ ಮಹಾಪ್ರಾಣವೂ ತಮ್ಮ ತಮ್ಮ ಉಸಿರಿನೊಡನೆ ಬರುವುವೆ? ಮತ್ತು, ಸಕಾರ ಬಂದಾಗಲೆಲ್ಲ ಸೂಜಿಯಂತೆ ಚುಚ್ಚದೆ ಇರುವುದೆ? ಇಷ್ಟರಲ್ಲಿ ತೇರ್ಗಡೆಯಾದ ಯಂತ್ರ ಪಾಠಕ್ಕೂ ಸಂಗೀತಕ್ಕೂ ಸಾಕು.

ಈ ಅಕ್ಷರಪರೀಕ್ಷೆಯ ಹಿಂದೆ ನಮ್ಮದೊಂದು ತಪ್ಪಿನ ಕಥೆಯಿದೆ. ಅದನ್ನು ಮುಚ್ಚಿಡುವುದು ಶಿಕ್ಷಕನಿಗೆ ಶೋಭಿಸದು. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನ ಉಕ್ತಲೇಖನದಲ್ಲಿ ಸಕಾರ-ಶಕಾರಗಳು ದಿನದಿನಕ್ಕೆ ಕೆಡುತ್ತ ಬಂದವು. ಹಿಂದಿನ ವರ್ಷ ಸರಿಯಾಗಿ ಬರೆಯುತ್ತಿದ್ದವನು ಈಗ ಕೆಡಿಸುತ್ತಿದ್ದುದರಿಂದ ಅದು ಅಲಕ್ಷ್ಯವೆಂದೇ ಬಗೆದೆವು. ಎಲ್ಲರೆದುರಿಗೆ ನಿಲ್ಲಿಸಿ ಗದರಿದೆವು. ಒಂದೊಂದು ಶಬ್ದವನ್ನು ನೂರು ಸಲ ಬರೆಯಿಸಿದೆವು. ಅವನು ತುಟಿ ಪಿಟ್ಟೆನ್ನದೆ ಬರೆದನು. ಒಂದು ದಿವಸ ಅವನ ತಾಯಿ ಕೆಲಸದಿಂದ ನೇರವಾಗಿ ಬಂದು, “ಬಾಜೂಕ ಬಿಲ್ಡಿಂಗ ಕೆಲಸ ನಡದೈತ್ರಿ ಸರ್, ರಾತ್ರಿಯೆಲ್ಲಾ ಮಿಶನ್ ಸಪ್ಪಳ. ಕಿವ್ಯಾಗ ಅದನ್ನ ಹಾಕ್ಕೊಂಡ ಮಲಗತಾನ್ರಿ. ಈಗ ನಾ ಕರದರ ಓ ಅನ್ನಂಗಿಲ್ಲ” ಎಂದಳು. ವೈದ್ಯರಲ್ಲಿಗೆ ಒಯ್ದು ತೋರಿಸಲು, ಎತ್ತರದ ಧ್ವನಿಗಳನ್ನು ಕೇಳುವ ಶಕ್ತಿ ಎರಡೂ ಕಿವಿಗಳಲ್ಲಿ ಕುಂದಿದೆಯೆಂದು ತಿಳಿಯಿತು. ಹುಡುಗನು ಅಕ್ಷರವನ್ನು ಮರೆತಿರಲಿಲ್ಲ. ನಾವು ನುಡಿದ ಸಕಾರ ಅವನನ್ನು ಮುಟ್ಟುತ್ತಲೇ ಇರಲಿಲ್ಲ.

ಇದರ ಕಾರಣ ವಿಚಾರಾರ್ಹವಾಗಿದೆ. ಒಳಗಿವಿಯಲ್ಲಿರುವ ಶಂಖದಂತಹ ಅಂಗದಲ್ಲಿ ಸುಮಾರು ೧೫,೦೦೦ ಸೂಕ್ಷ್ಮ ರೋಮಕೋಶಗಳಿವೆ. ಅತಿ ಶಬ್ದದಿಂದ ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಶಬ್ದದ ಪೆಟ್ಟು ಸಾಮಾನ್ಯವಾಗಿ ಮೊದಲು ಬೀಳುವುದು ಸೆಕೆಂಡಿಗೆ ೪,೦೦೦ ಕಂಪನಗಳ ಆಸುಪಾಸಿನಲ್ಲಿ. ಸ, ಶ ಮುಂತಾದ ಊಷ್ಮಾಕ್ಷರಗಳ ಕಳೆ ಇರುವುದೂ ಅದರ ಸುತ್ತಿನಲ್ಲಿ ಮತ್ತು ಅದಕ್ಕೂ ಮೇಲೆ. ಹೀಗಾಗಿ ಕಿವಿ ಕೆಡುವವನಿಗೆ ಮಾತು ಕೇಳುತ್ತದೆ, ಅಕ್ಷರ ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ದೊಡ್ಡವರು ೮೦ ಡೆಸಿಬೆಲ್ ಶಬ್ದವನ್ನು ವಾರಕ್ಕೆ ೪೦ ತಾಸು ಕೇಳಬಹುದು. ಮಕ್ಕಳಿಗೆ ಈ ಮಿತಿ ೭೫ ಡೆಸಿಬೆಲ್. ಮೂರು ಡೆಸಿಬೆಲ್ ಏರಿದರೆ ಅವಧಿ ಅರ್ಧಕ್ಕಿಳಿಯಬೇಕು. ದೊಡ್ಡವರಿಗೂ ೯೦ ಡೆಸಿಬೆಲ್ಲಿನಲ್ಲಿ ವಾರಕ್ಕೆ ನಾಲ್ಕೇ ತಾಸು.

ಆ ಹುಡುಗನ ಇಯರ್‌ಫೋನು ಕಿವಿಯಲ್ಲಿ ಸಡಿಲವಾಗಿ ಕೂಡುತ್ತಿತ್ತು. ಹೊರಗಿನ ಸಪ್ಪಳ ಒಳಬರುತ್ತಿದ್ದುದರಿಂದ ಅದನ್ನು ಮುಳುಗಿಸಲು ಅವನು ಧ್ವನಿಯನ್ನು ಏರಿಸುತ್ತಲೇ ಹೋದನು. ಆದುದರಿಂದ ನಗರವಾಸಿಗಳಾದ ನಮಗೆ ಯಂತ್ರ ಕಿವಿಗೆ ಸರಿಯಾಗಿ ಕೂಡುವುದೇ ಮೊದಲ ಗುಣ. ಹೊರಮೈ ತೆರೆದ ಹೆಡ್‌ಫೋನುಗಳ ಧ್ವನಿ ಬಯಲಿನಂತೆ ವಿಶಾಲವಾಗಿದ್ದರೂ ಅವು ನಿಶ್ಶಬ್ದವಾದ ಕೋಣೆಯುಳ್ಳವರಿಗೆ ತಕ್ಕವು. ನಮಗೆ ಕಿವಿಯನ್ನು ಪೂರ್ತಿ ಸುತ್ತುವ, ಹೊರಮೈ ಮುಚ್ಚಿದ ಜಾತಿಯೇ ಒಳಿತು. ಕಿವಿಯೊಳಗಿಡುವ ಜಾತಿಯನ್ನು ಕೊಂಡರೆ ಅದರೊಡನೆ ಬರುವ ಮೂರು ಅಳತೆಯ ರಬ್ಬರ್ ಟೊಪ್ಪಿಗೆಗಳನ್ನೂ ಹಾಕಿ ನೋಡಿರಿ. ಎಡಕ್ಕೊಂದು ಬಲಕ್ಕೊಂದು ಅಳತೆ ಬೇಕಾಗುವುದೂ ಉಂಟು. ಹೊರಗಿನ ಸಪ್ಪಳವನ್ನು ವಿರುದ್ಧ ತರಂಗದಿಂದ ಅಳಿಸುವ ಯಂತ್ರಗಳೂ ಬಂದಿವೆ. ಬಸ್ಸು, ರೈಲುಗಳ ಏಕಸಮವಾದ ಗುಡುಗುಡು ಸದ್ದಿಗೆ ಅವು ಒಳ್ಳೆಯವು; ಮಾತುಕತೆ, ಹಾರ್ನುಗಳ ಮುಂದೆ ಅಷ್ಟಾಗಿ ನಡೆಯವು.

ಸೌಖ್ಯದ ವಿಚಾರವನ್ನು ಕೊಳ್ಳುವಾಗ ಎಲ್ಲರೂ ಮರೆಯುತ್ತಾರೆ. ಅಂಗಡಿಯಲ್ಲಿ ಎರಡು ನಿಮಿಷ ಹಿತವಾಗಿದ್ದುದು ಮನೆಯಲ್ಲಿ ಒಂದು ತಾಸಿಗೆ ನೆತ್ತಿಯನ್ನು ಒತ್ತಬಹುದು. ಆದ್ದರಿಂದ ಕನಿಷ್ಠ ಹತ್ತು ನಿಮಿಷ ತಲೆಯ ಮೇಲಿಟ್ಟು ನೋಡಿರಿ. ಕನ್ನಡಕವಿದ್ದವರು ಕನ್ನಡಕ ಹಾಕಿಕೊಂಡೇ ನೋಡಬೇಕು. ವಿದ್ಯಾರ್ಥಿನಿಯರು ಓಲೆ, ಝುಮಕಿಗಳನ್ನು ತೆಗೆಯದೆ, ಜಡೆಯನ್ನು ಬಿಚ್ಚದೆ ನೋಡಬೇಕು. ದಿಂಬು ಕಿವಿಯ ಮೇಲೆ ಕೂಡದೆ ಕಿವಿಯ ಸುತ್ತ ಕೂಡುವಂತಿದ್ದರೆ ನೋವು ಕಡಿಮೆ. ಪುಣೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ದಪ್ಪ ರೆಕ್ಸಿನ್ ದಿಂಬು ಬೆವರಿಳಿಸುತ್ತದೆಂಬುದೂ ನೆನಪಿರಲಿ. ಕಿವಿಯೊಳಗಿಡುವುದನ್ನು ಗೆಳೆಯರೊಡನೆ ಹಂಚಿಕೊಳ್ಳಬಾರದು, ವಾರಕ್ಕೊಮ್ಮೆ ಒರೆಸಬೇಕು, ಹಾಕಿಕೊಂಡು ಮಲಗಲೇಬಾರದು.

ಕೊನೆಯದು ಹಣದ ಮಾತು. ನಿಮ್ಮ ತಂದೆತಾಯಿಗಳಲ್ಲಿ ಅನೇಕರು ದಿನಗೂಲಿಯವರು. ಒಂದು ಹೆಡ್‌ಫೋನಿಗೆ ಅವರ ಎಷ್ಟು ದಿವಸದ ಬೆವರು ಸಲ್ಲುವುದೆಂದು ಎಣಿಸಿ ನೋಡುವುದು ನಿಮ್ಮ ಕರ್ತವ್ಯ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಇಲ್ಲಿಯೂ ಸಲ್ಲುವ ನೀತಿ. ತಂತಿಯಿಲ್ಲದ ಯಂತ್ರದಲ್ಲಿ ಹಣದ ಒಂದು ಭಾಗ ಬ್ಯಾಟರಿಗೂ ರೇಡಿಯೋ ಭಾಗಕ್ಕೂ ಹೋಗುವುದರಿಂದ, ಅದೇ ಬೆಲೆಗೆ ತಂತಿಯುಳ್ಳದ್ದರಲ್ಲಿ ಉತ್ತಮ ಧ್ವನಿ ದೊರೆಯುವುದು ಹೆಚ್ಚು. ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ. ಗುಂಡಿಯಂತಹ ಪುಟ್ಟ ಜಾತಿಯಲ್ಲಿ ಅದನ್ನು ಬದಲಿಸುವುದೂ ಕಠಿಣ. ತಂತಿಯುಳ್ಳದ್ದು ಹೆಚ್ಚಾಗಿ ಕೆಡುವುದು ಪಿನ್ನಿನ ಬುಡದಲ್ಲಿ. ಬೆಸುಗೆ ಬಲ್ಲವನು ಅದನ್ನು ಸರಿಪಡಿಸಿಕೊಡಬಲ್ಲನು. ವಿದ್ಯಾರ್ಥಿಗಳಿಗೆ ತಂತಿಯುಳ್ಳದ್ದೇ ಯೋಗ್ಯವೆಂಬುದು ನಮ್ಮ ಸ್ಪಷ್ಟ ಮತ. ಹೊಸ ಮೊಬೈಲುಗಳಲ್ಲಿ ಹಳೆಯ ದುಂಡು ಪಿನ್ನಿನ ತೂತು ಇಲ್ಲದಿರಬಹುದು. ಮೊದಲು ಅದನ್ನು ನೋಡಿಕೊಂಡು ಹೊರಡಿರಿ.

ಬುಧವಾರ ಪೇಟೆಯ ತಾಪಕೀರ ಗಲ್ಲಿಯಲ್ಲಿ ವಿದ್ಯುತ್ ಸಾಮಾನುಗಳ ಅಂಗಡಿಗಳು ಸಾಲಾಗಿವೆ. ಅಲ್ಲಿ ನಾಲ್ಕು ಕಡೆ ವಿಚಾರಿಸಿ, ಬೆಲೆಗಳನ್ನು ಹೋಲಿಸಿ ನೋಡಬಹುದು. ನಾವು ಪುಣೆಗೆ ಬಂದ ಹೊಸತರಲ್ಲಿ ಒಂದು ಅಂಗಡಿಯಲ್ಲಿ ದೊಡ್ಡ ಕಂಪನಿಯ ಹೆಸರು ಕಂಡು, ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಿ, ರಸೀದಿ ಕೇಳದೆ ಒಂದು ಹೆಡ್‌ಫೋನು ಕೊಂಡೆವು. ತಿಂಗಳೊಳಗೆ ಎಡಗಿವಿ ಮೂಕವಾಯಿತು. ಹೆಸರಿನ ಅಕ್ಷರಗಳನ್ನು ಆಗ ನಿಟ್ಟಿಸಿ ನೋಡಿದರೆ ನಡುವಿನ ಒಂದಕ್ಷರವೇ ಬೇರೆಯಾಗಿತ್ತು! ಅಕ್ಷರ ತಿದ್ದುವ ಕಸುಬಿನವರೇ ಅಕ್ಷರದಲ್ಲಿ ಮೋಸಹೋದೆವು. ಬೆಳ್ಳಗಿರುವುದೆಲ್ಲ ಹಾಲಲ್ಲ. ರಸೀದಿಯನ್ನೂ ಗ್ಯಾರಂಟಿ ಚೀಟಿಯನ್ನೂ ಪಡೆಯದೆ ಅಂಗಡಿಯ ಮೆಟ್ಟಿಲು ಇಳಿಯಬೇಡಿರಿ.

ಎಂತಹ ಉತ್ತಮ ಯಂತ್ರವಾದರೂ ಅದನ್ನು ಬಳಸುವ ವಿವೇಕ ನಿಮ್ಮದು. ಧ್ವನಿಯ ಗುರುತು ಅರ್ಧವನ್ನು ದಾಟದಿರಲಿ. ಮಾರು ದೂರದಲ್ಲಿ ನಿಂತವರು ಆಡಿದ ಮಾತು ಕೇಳಿಸದಿದ್ದರೆ ಧ್ವನಿ ಹೆಚ್ಚಾಯಿತೆಂದು ತಿಳಿಯಿರಿ. ತೆಗೆದ ಮೇಲೆ ಕಿವಿ ಗುಂಯ್ಗುಟ್ಟಿದರೆ ಅದು ಎಚ್ಚರಿಕೆಯ ಗಂಟೆ. ಮರುದಿನವೂ ನಿಲ್ಲದಿದ್ದರೆ ಮನೆಯವರಿಗೂ ಗುರುಗಳಿಗೂ ಹೇಳಿರಿ. ರಸ್ತೆ ದಾಟುವಾಗ, ಸೈಕಲ್ ತುಳಿಯುವಾಗ, ರೈಲ್ವೆ ಹಳಿಯ ಬಳಿ ಅದು ಚೀಲದಲ್ಲಿರಲಿ. ಇನ್ನೊಂದು ಮಾತು: ಸಂಜೆ ತಾಯಿ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ಅದನ್ನು ಗೂಟಕ್ಕೆ ತೂಗುಹಾಕಿರಿ. ನಿಮ್ಮ ಪಾಲಿನ ಅತಿ ಶುದ್ಧವಾದ ಕನ್ನಡ ಯಾವ ಯಂತ್ರದಲ್ಲಿಯೂ ಬರುವುದಿಲ್ಲ, ಅವಳ ಬಾಯಿಂದಲೇ ಬರಬೇಕು.

ಆ ಹುಡುಗನು ಈಗ ಬೇರೊಂದು ಊರಿನಲ್ಲಿ ಕೆಲಸಕ್ಕಿದ್ದಾನೆ. ಕಿವಿಗೆ ಶ್ರವಣಯಂತ್ರ ಹಾಕಿಕೊಳ್ಳುತ್ತಾನೆ. ಕಳೆದ ವರ್ಷ ಭೆಟ್ಟಿಗೆ ಬಂದಾಗ ಅವನ ಕ್ಷಮೆ ಬೇಡಿದೆವು. ಅವನು ನಕ್ಕು, “ಇರಲಿ ಬಿಡ್ರಿ ಸರ್, ಆ ಶಬ್ದ ನೂರು ಸಲ ಬರದದ್ದಕ್ಕ ಇನ್ನೂ ಮರತಿಲ್ಲ” ಎಂದನು. ಅಂದಿನಿಂದ ಯಾರ ಉಕ್ತಲೇಖನದಲ್ಲಿ ಅಕ್ಷರ ಕೆಟ್ಟರೂ, ಕೆಂಪು ಶಾಯಿಯ ಲೇಖನಿಯನ್ನು ಎತ್ತುವ ಮೊದಲು, “ನಾ ಹೇಳಿದ್ದು ನಿನಗ ಕೇಳಿಸ್ತೇನು?” ಎಂದು ವಿಚಾರಿಸುವ ರೂಢಿಯಿಟ್ಟುಕೊಂಡಿದ್ದೇವೆ. ಮೇಜಿನ ಬಳಿ ಬಂದು ನಿಂತಿದ್ದ ಆ ಮೂವರು ಹುಡುಗರು ಇದನ್ನೋದಿ ಬುಧವಾರ ಪೇಟೆಗೆ ಹೊರಡುವುದಾದರೆ ನಮಗೂ ಹೇಳಲಿ. ತಂಬೂರಿಯ ನಾದವೂ ಒಂದು ಕನ್ನಡ ಕವಿತೆಯ ವಾಚನವೂ ನಮ್ಮ ಮೊಬೈಲಿನಲ್ಲಿ ಸಿದ್ಧವಾಗಿವೆ.