ಮೊದಲು ಮಂಡಿ, ಆಮೇಲೆ ಸ್ಟೆಪ್ಪು!

ಹೊಸ ಚಿತ್ರದ ಹಾಡೊಂದು ಹೊರಗೆ ಬಂತು ಅನ್ನಿ. ಮೂರೇ ದಿನ! ಬೀದರಿನಿಂದ ಚಾಮರಾಜನಗರದವರೆಗೆ ಅದೇ ಕುಣಿತ. ಕಾಲೇಜು ಕಾರಿಡಾರಿನಲ್ಲಿ, ಗಣೇಶನ ಪೆಂಡಾಲಿನ ಮುಂದೆ, ಮದುವೆ ಛತ್ರದಲ್ಲಿ, ಮನೆ ತಾರಸಿ ಮೇಲೆ ಫೋನು ನಿಲ್ಲಿಸಿಕೊಂಡು... ಕುಣಿಯಲಿ ಸ್ವಾಮಿ, ಯಾರು ಬೇಡ ಅಂದರು? ಆದರೆ ನಾಲ್ಕನೆಯ ದಿನ ಅವರಲ್ಲಿ ಕೆಲವರು ಗೋಡೆ ಹಿಡಿದು ನಡೀತಿರ್ತಾರೆ, ನೋಡಿದ್ದೀರಾ? ಈ ವಾರದ ಮಾತು ಅವರಿಗಾಗಿ.

ಸಿನಿಮಾ ಪತ್ರಿಕೆಗೆ ಬರೀತೀನಿ ಅಂತ ಗೊತ್ತಾದ ಕೂಡಲೇ ಹುಡುಗರು ಕೇಳುವ ಪ್ರಶ್ನೆ ಒಂದೇ: "ಸಾರ್, ಡ್ಯಾನ್ಸ್ ಕಲಿಯೋಕೆ ಎಷ್ಟು ದಿನ ಬೇಕು?" ನಾನು ತಿರುಗಿ ಕೇಳ್ತೀನಿ: "ಒಂದು ಹಾಡು ತೆಗೆಯೋಕೆ ಎಷ್ಟು ದಿನ ಬೇಕು, ಗೊತ್ತೇನಪ್ಪಾ?"

ತೆರೆಯ ಮೇಲೆ ನಾಲ್ಕು ನಿಮಿಷ ಓಡುವ ಹಾಡನ್ನು ನಾಲ್ಕು ನಿಮಿಷದಲ್ಲಿ ಯಾರೂ ಕುಣಿದಿರೋದಿಲ್ಲ. ಮೊದಲು ರಿಹರ್ಸಲ್. ಆಮೇಲೆ ಎಷ್ಟೋ ದಿನಗಳ ಷೂಟಿಂಗ್. ಒಂದೊಂದು ಷಾಟ್ ಕೆಲವೇ ಸೆಕೆಂಡು. ಡ್ಯಾನ್ಸ್ ಮಾಸ್ಟರ್ "ಫೈವ್, ಸಿಕ್ಸ್, ಸೆವೆನ್, ಎಯ್ಟ್" ಅಂತ ಎಣಿಸ್ತಾರೆ, ಕುಣೀತಾರೆ, "ಕಟ್!" ಹೀರೋ ಕುರ್ಚಿಗೆ, ಗ್ರೂಪಿನವರು ನೆರಳಿಗೆ. ಬೆವರು ಒರೆಸಿಕೊಂಡು, ನೀರು ಕುಡಿದು ಮುಂದಿನ ತುಂಡು! ಅವನ್ನೆಲ್ಲ ಜೋಡಿಸಿದ ಮೇಲೆ ನಮಗೆ ಕಾಣುವುದು ಒಂದೇ ಉಸಿರಿನ ಕುಣಿತ.

ವೇಗದಲ್ಲೂ ಕೈಚಳಕ ಉಂಟು. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಫ್ರೇಮು ಓಡುವುದು ವಾಡಿಕೆ. ಅದನ್ನೇ 22ಕ್ಕೆ ಇಳಿಸಿ ಚಿತ್ರೀಕರಿಸಿ 24ರಲ್ಲಿ ತೋರಿಸಿದರೆ ಕೈಕಾಲು ಚುರುಕಾಗಿಬಿಡುತ್ತೆ. ಹೊಡೆದಾಟದ ದೃಶ್ಯಗಳಿಗೆ ಇದು ಹಳೆಯ ಉಪಾಯ. ಈಗ ಕಂಪ್ಯೂಟರಿನಲ್ಲೂ ಆಗುತ್ತೆ. ಇನ್ನು ಮೈಕೇಲ್ ಜಾಕ್ಸನ್! 'ಸ್ಮೂತ್ ಕ್ರಿಮಿನಲ್' ಹಾಡಿನಲ್ಲಿ ಬೀಳುವ ಮರದ ಹಾಗೆ ಮುಂದಕ್ಕೆ ವಾಲಿ ಮತ್ತೆ ನೆಟ್ಟಗಾಗುತ್ತಾರಲ್ಲ, ರಂಗದ ಮೇಲೆ ಅದರ ಗುಟ್ಟು ಇದ್ದದ್ದು ಬೂಟಿನಲ್ಲಿ. ವೇದಿಕೆಯಿಂದ ಮೇಲೇಳುವ ಗೂಟಕ್ಕೆ ಬೂಟಿನ ಹಿಮ್ಮಡಿ ಸಿಕ್ಕಿಸುವ ಏರ್ಪಾಡು! ಅದಕ್ಕೆ 1993ರಲ್ಲಿ ಅಮೆರಿಕದಲ್ಲಿ ಪೇಟೆಂಟೇ ಸಿಕ್ಕಿತು. ನಮ್ಮ ಹುಡುಗ ಹವಾಯಿ ಚಪ್ಪಲಿ ಹಾಕಿಕೊಂಡು ವಾಲಿದರೆ ಮೂಗು ಎಲ್ಲಿ ಹೋಗಿ ತಾಗುತ್ತೆ, ನೀವೇ ಹೇಳಿ.

ಹಾಗಾದರೆ ಕಲಿಯೋದು ಹೇಗೆ? ಸಿನಿಮಾದವರು ತೆಗೆಯುವ ಹಾಗೇ. ತುಂಡು ತುಂಡಾಗಿ!

ನಮ್ಮ ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಅವರನ್ನೇ ತಗೊಳ್ಳಿ. ಮೂಗೂರು ಸುಂದರ್ ಅವರ ಮಗ. ಕಾಲಲ್ಲಿ ಮೂಳೆ ಇದೆಯೋ ಸ್ಪ್ರಿಂಗ್ ಇದೆಯೋ ಅನ್ನಿಸುವ ಹಾಗೆ ಕುಣಿಯುವ ಈ ಮನುಷ್ಯ ಗುರುಗಳ ಬಳಿ ಭರತನಾಟ್ಯವನ್ನೂ ಕಲಿತವರು. 1997ರಲ್ಲಿ ತೆರೆಕಂಡ 'ಮಿನ್ಸಾರ ಕನವು' ಚಿತ್ರದ ನೃತ್ಯ ಸಂಯೋಜನೆಗೆ ರಾಷ್ಟ್ರಪ್ರಶಸ್ತಿ ಪಡೆದರು. ಆ ಸಡಿಲ ಕುಣಿತದ ಕೆಳಗೆ ಗಟ್ಟಿ ಬುನಾದಿ ಇದೆ ಅನ್ನೋದನ್ನ ಮರೀಬೇಡಿ.

ಭರತನಾಟ್ಯದಲ್ಲಿ ಮೊದಲ ಪಾಠ ಅರೆಮಂಡಿ. ಹಿಮ್ಮಡಿ ಹತ್ತಿರ, ಪಾದ ಹೊರಕ್ಕೆ, ಮಂಡಿ ಎರಡು ಪಕ್ಕಕ್ಕೆ ಬಗ್ಗಬೇಕು, ಬೆನ್ನು ನೆಟ್ಟಗಿರಬೇಕು. ಹೊಸಬರು ಎಡವೋದು ಇಲ್ಲೇ. ಪಾದವನ್ನು ಬಲವಂತವಾಗಿ ಹೊರಕ್ಕೆ ತಿರುಗಿಸಿಬಿಡ್ತಾರೆ, ಮಂಡಿ ಮಾತ್ರ ಮುಂದಕ್ಕೇ ನೋಡ್ತಿರುತ್ತೆ. ಮಂಡಿ ಅನ್ನೋದು ಬಾಗಿಲ ಕೀಲಿದ್ದ ಹಾಗೆ. ಮಡಿಸಲಿಕ್ಕೆ ಇದೆ, ತಿರುಚಲಿಕ್ಕಲ್ಲ. ತಿರುಗಬೇಕಾದ್ದು ಸೊಂಟದ ಕೆಳಗಿನ ತೊಡೆಯ ಕೀಲು. ಮಂಡಿ ಬಗ್ಗಿಸಿದಾಗ ಅದು ಹೆಬ್ಬೆರಳ ಪಕ್ಕದ ಬೆರಳಿನ ನೇರಕ್ಕೆ ಬರುತ್ತಾ, ಕನ್ನಡಿಯಲ್ಲಿ ನೋಡಿಕೊಳ್ಳಿ. ಬರದಿದ್ದರೆ ಪಾದದ ಅಗಲ ಕಮ್ಮಿ ಮಾಡಿ. ಇದು ಸಿನಿಮಾ ಸ್ಟೆಪ್ಪಿಗೂ ಅಷ್ಟೇ ಸತ್ಯ.

ಆಮೇಲೆ ತಟ್ಟಡವು. ಒಂದೇ ಹೆಜ್ಜೆಯನ್ನು ಮೊದಲ ಕಾಲದಲ್ಲಿ ನಿಧಾನ, ಎರಡನೆಯದರಲ್ಲಿ ಇಮ್ಮಡಿ, ಮೂರನೆಯದರಲ್ಲಿ ಅದರ ಇಮ್ಮಡಿ. ಮೊದಲ ಕಾಲ ಸರಿಯಾಗದೆ ಒಳ್ಳೆಯ ಗುರು ಎರಡನೆಯದಕ್ಕೆ ಬಿಡೋದಿಲ್ಲ. ಮೊಬೈಲಿನ ಹಾಡು ನೋಡಿ ಕಲಿಯೋರೂ ಇದನ್ನೇ ಮಾಡಿ. ಎಂಟು ಎಣಿಕೆಯ ಒಂದು ತುಂಡು ಸಾಕು. ಮೊದಲು ಕಾಲು ಮಾತ್ರ, ಆಮೇಲೆ ಕೈ, ಕೊನೆಗೆ ಹಾಡು.

ಶುರು ಮಾಡೋ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡ್ಕೊಳ್ಳಿ. ನಿಂತಲ್ಲೇ ನಡಿಗೆ, ಭುಜ, ಸೊಂಟ, ಕಾಲಿನ ಗಿಣ್ಣು ಸುತ್ತಿಸೋದು, ಅಷ್ಟೇ. ತಣ್ಣಗಿರೋ ಸ್ನಾಯುವನ್ನು ಎಳೆದಾಡಬೇಡಿ. ಇಪ್ಪತ್ತು ಮೂವತ್ತು ಸೆಕೆಂಡು ಹಿಡಿದು ಎಳೆಯೋ ಕಸರತ್ತು ಕುಣಿದು ಮುಗಿದ ಮೇಲೆ ಇರಲಿ. ನೆಗೆದು ಇಳಿಯುವಾಗ ಮುಂಗಾಲು ಮೊದಲು, ಹಿಮ್ಮಡಿ ಆಮೇಲೆ, ಮಂಡಿ ಸ್ವಲ್ಪ ಬಗ್ಗಿರಬೇಕು. ಕೆಳಗಿನ ಮನೆಯವರು ಬಯ್ಯೋ ಹಾಗೆ 'ಧಡ್' ಅಂದರೆ ತಪ್ಪಾಗಿ ಇಳಿದಿರಿ ಅಂತಲೇ ಅರ್ಥ! ತಿರುಗುವಾಗ ಹಿಮ್ಮಡಿ ಎತ್ತಿ ತಿರುಗಿ. ಪಾದ ನೆಲಕ್ಕೆ ಅಂಟಿದ್ದು ಮೈ ಮಾತ್ರ ತಿರುಗಿದರೆ ಏಟು ಮಂಡಿಗೇ.

ನೆಲವನ್ನೂ ನೋಡಿ. ಸಿಮೆಂಟು, ಗ್ರಾನೈಟು ಒಂದು ಚೂರೂ ಬಗ್ಗೋದಿಲ್ಲ. ಹೊಡೆತವೆಲ್ಲ ಮೊಣಕಾಲಿನ ಕೆಳಗಿನ ಮೂಳೆಗೆ ವಾಪಸ್ಸು. ಮರದ ನೆಲ ಉತ್ತಮ. ಅದು ಎಲ್ಲಿಂದ ತರೋಣ ಅಂತೀರಾ? ಕಲ್ಲಿಲ್ಲದ, ಸಮತಟ್ಟಾದ ಮಣ್ಣಿನ ಅಂಗಳವೂ ಸಿಮೆಂಟಿಗಿಂತ ಮೇಲು. ಟೈಲ್ಸ್ ಮೇಲೆ ಕಾಲುಚೀಲ ಹಾಕಿ ಕುಣಿಯೋದಂತೂ ಬೇಡವೇ ಬೇಡ.

ನೋವು ಎರಡು ಬಗೆ. ಮರುದಿನ ಎರಡೂ ತೊಡೆ ಬಿಗಿದುಕೊಂಡು, ಎರಡು ಮೂರು ದಿನದಲ್ಲಿ ಇಳಿದುಹೋದರೆ ಅದು ಕಲಿಕೆಯ ನೋವು, ಹೆದರಬೇಡಿ. ಒಂದೇ ಕಡೆ ಚಳಕ್ ಅಂದರೆ, ಊದಿಕೊಂಡರೆ, ಮಂಡಿ ಸಿಕ್ಕಿಹಾಕಿಕೊಂಡರೆ ಆ ಕ್ಷಣವೇ ನಿಲ್ಲಿಸಿ. ಕಾಲು ಉಳುಕಿದರೆ ಬಟ್ಟೆಯಲ್ಲಿ ಸುತ್ತಿದ ಐಸು ಹದಿನೈದು ನಿಮಿಷ ಇಡಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಊದಿದ ಕಾಲನ್ನು ಯಾರ ಕೈಗೋ ಕೊಟ್ಟು ಎಳೆಸಿ 'ಉಳುಕು ತೆಗೆಸೋಕೆ' ಹೋಗಬೇಡಿ. ನಾಲ್ಕು ಹೆಜ್ಜೆ ಊರಲಿಕ್ಕೆ ಆಗದಿದ್ದರೆ ಸೀದಾ ಆಸ್ಪತ್ರೆ. ಮೂಳೆ ಮುರಿದಿದೆಯೋ ಇಲ್ಲವೋ ಎಕ್ಸ್‌ರೇ ಹೇಳಲಿ.

ತರಗತಿಗೆ ಸೇರುವ ಮುಂಚೆ ಒಂದು ದಿನ ಸುಮ್ಮನೆ ಕೂತು ನೋಡಿ. ಮೇಷ್ಟರ ಕಣ್ಣು ಹುಡುಗರ ಕಾಲಿನ ಮೇಲಿದೆಯೋ ಇಲ್ಲಾ ಕನ್ನಡಿಯಲ್ಲಿನ ತಮ್ಮ ಮುಖದ ಮೇಲೋ? ಮೊದಲ ವಾರವೇ ಹುಡುಗನ ಕಾಲು ಹಿಡಿದು ಅಗಲಿಸುವ ಮೇಷ್ಟರಾದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈ ಪತ್ರಿಕೆ ಓದುವ ಎಷ್ಟೋ ಹುಡುಗ ಹುಡುಗಿಯರಿಗೆ ಗ್ರೂಪಿನಲ್ಲಾದರೂ ಒಂದು ಛಾನ್ಸ್ ಸಿಗಲಿ ಅನ್ನೋ ಆಸೆ. ಒಳ್ಳೇದೇ. ಆದರೆ ಹೀರೋಗೆ ಕಾಲು ಉಳುಕಿದರೆ ಷೂಟಿಂಗ್ ನಿಲ್ಲುತ್ತೆ. ಹಿಂದಿನ ಸಾಲಿನ ಹುಡುಗನಿಗೆ ಉಳುಕಿದರೆ ಆ ಜಾಗಕ್ಕೆ ಇನ್ನೊಬ್ಬ ಬಂದು ನಿಲ್ತಾನೆ, ಅಷ್ಟೇ. ದಿನಗೂಲಿಯವನಿಗೆ ಮಂಡಿಯೇ ಬಂಡವಾಳ ಕಣ್ರೀ. ಅದನ್ನು ಹದಿನೆಂಟಕ್ಕೇ ಖರ್ಚು ಮಾಡಿಬಿಟ್ಟರೆ ಇಪ್ಪತ್ತೈದಕ್ಕೆ ಏನು ಕುಣೀತೀರಿ?

ಬಸ್ಸಿನಲ್ಲಿ ಕೂತು ಓದುತ್ತಿದ್ದರೆ ಪಾದ ನೆಲಕ್ಕೂರಿ ಹಿಮ್ಮಡಿ ಇಪ್ಪತ್ತು ಸಲ ಎತ್ತಿ ಇಳಿಸಿ. ಮೀನಖಂಡಕ್ಕೆ ಒಳ್ಳೇದು, ಕಂಡಕ್ಟರೂ ಏನೂ ಅನ್ನೋದಿಲ್ಲ. ಬರುವ ವಾರ ಸಿಗೋಣ!